ಕಲ್ಲಿಗೆ ಧಾರವಾಡದ ಹೆಸರಿಟ್ಟ ರಾಬರ್ಟ್ ಬ್ರೂಸ್ ಫೂಟ್

ದೇವಿಕೊಪ್ಪದಲ್ಲಿ ಬೋಧನಾಭ್ಯಾಸ ನಡೆಯುತ್ತಿದ್ದಾಗ ಎಂಟನೇ ತರಗತಿಯ ಶಿಲಾಗೋಳ ಪಾಠ ನನ್ನ ಪಾಲಿಗೆ ಬಂತು. ನನ್ನದು ವಿಜ್ಞಾನ ವಿಧಾನ, ಪಾಠ ಇರುವುದು ಸಮಾಜ ವಿಜ್ಞಾನದಲ್ಲಿ. ಪದವಿಯಲ್ಲಿ ಭೂವಿಜ್ಞಾನ ಓದಿದ್ದೇನೆಂದು ತಿಳಿದು ಮಾರ್ಗದರ್ಶಕ ಶಿಕ್ಷಕರು ಒಂದು ಅವಧಿ ಬಿಟ್ಟುಕೊಟ್ಟರು. ಅಗ್ನಿಶಿಲೆ, ಜಲಜಶಿಲೆ, ರೂಪಾಂತರ ಶಿಲೆ ಎಂದು ಮಕ್ಕಳು ಒಂದೇ ಉಸಿರಿಗೆ ಹೇಳಿದರು. ಹೊರಗೆ ಬಿದ್ದಿದ್ದ ಒಂದು ಕಲ್ಲನ್ನು ತಂದು ಮೇಜಿನ ಮೇಲಿಟ್ಟು ಇದು ಯಾವುದೆಂದು ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ತಮ್ಮ ಜಿಲ್ಲೆಯ ಹೆಸರಿನಲ್ಲೇ ಒಂದು ಶಿಲಾಸಮೂಹವಿದೆ, ದೇಶ ವಿದೇಶದ ಭೂವಿಜ್ಞಾನಿಗಳು ಆ ಹೆಸರು ಹಿಡಿದು ಮಾತಾಡುತ್ತಾರೆ ಎಂದಾಗ ಅವರಿಗೆ ನಂಬಿಕೆ ಬರಲಿಲ್ಲ. ಆ ಹೆಸರಿಟ್ಟವರ ಕಥೆಯನ್ನು ಅಂದು ಹತ್ತು ನಿಮಿಷದಲ್ಲಿ ಅವಸರವಾಗಿ ಹೇಳಿ ಮುಗಿಸಿದ್ದೆ. ಅದನ್ನೇ ಇಲ್ಲಿ ಸ್ವಲ್ಪ ನಿಧಾನವಾಗಿ ಬರೆದಿದ್ದೇನೆ.

ರಾಬರ್ಟ್ ಬ್ರೂಸ್ ಫೂಟ್ ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. 1858ರ ಡಿಸೆಂಬರ್ ಕೊನೆಗೆ, ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ಸೇರಿದರು. ಸಂಸ್ಥೆ ಶುರುವಾಗಿ ಆಗಿನ್ನೂ ಏಳು ವರ್ಷ. ಥಾಮಸ್ ಓಲ್ಡ್‌ಹ್ಯಾಮ್ ಅದರ ಮುಖ್ಯಸ್ಥರು. ಸರ್ಕಾರಕ್ಕೆ ಮೊದಲು ಬೇಕಾಗಿದ್ದದ್ದು ಕಲ್ಲಿದ್ದಲು, ಶಿಲೆಗಳ ಚರಿತ್ರೆಯಲ್ಲ. ಫೂಟ್ ಅವರಿಗೆ ಮದ್ರಾಸ್ ಪ್ರಾಂತದ ಕೆಲಸ ಬಂತು. ಮಳೆ ನಿಂತ ಮೇಲೆ ತಂಬು, ಗಾಡಿಗಳೊಂದಿಗೆ ಹೊರಡುವುದು, ಬಿಸಿಲು ಏರುವವರೆಗೆ ಊರೂರು ಸುತ್ತಿ ನಕ್ಷೆ ಬರೆಯುವುದು, ಮಳೆಗಾಲದಲ್ಲಿ ಕುಳಿತು ವರದಿ ಬರೆಯುವುದು: ಸರ್ವೇಕ್ಷಣೆಯವರ ವರ್ಷ ಹೀಗೆ ಕಳೆಯುತ್ತಿತ್ತು. ಗಾಡಿ ಹೊಡೆದವರು, ದಾರಿ ತೋರಿಸಿದವರು, ಕಲ್ಲಿನ ಚೀಲ ಹೊತ್ತವರು ನಮ್ಮ ಜನ. ವರದಿಯ ಮುಖಪುಟದಲ್ಲಿ ಅವರ ಹೆಸರಿಲ್ಲ. ಇದನ್ನು ತರಗತಿಯಲ್ಲಿ ಹೇಳದೆ ಬಿಟ್ಟರೆ ಕಥೆ ಅರ್ಧವಾಗುತ್ತದೆ.

1863ರ ಮೇ 30ರಂದು ಮದ್ರಾಸಿನ ಹತ್ತಿರದ ಪಲ್ಲಾವರಂನಲ್ಲಿ ಜಲ್ಲಿಮಣ್ಣು ತೆಗೆದ ಒಂದು ಗುಂಡಿಯ ಬಳಿ ಫೂಟ್ ಅವರಿಗೆ ಒಂದು ಕಲ್ಲು ಸಿಕ್ಕಿತು. ಅದು ಕ್ವಾರ್ಟ್‌ಜೈಟ್ ಶಿಲೆಯ ತುಂಡು, ಮನುಷ್ಯ ಚಕ್ಕೆ ಎಬ್ಬಿಸಿ ರೂಪ ಕೊಟ್ಟದ್ದು. ಭಾರತದಲ್ಲಿ ಗುರುತಿಸಲಾದ ಮೊದಲ ಹಳೆ ಶಿಲಾಯುಗದ ಆಯುಧ ಅದೇ. ಅದನ್ನು ಕಂಡದ್ದು ಅದೃಷ್ಟವೆಂದು ಹೇಳಿಬಿಡಬಹುದು. ಆದರೆ ಜಲ್ಲಿಯ ಗುಂಡಿಯನ್ನು ದಿನವೂ ನೂರಾರು ಜನ ನೋಡುತ್ತಾರೆ. ಫ್ರಾನ್ಸಿನ ಸೋಮ್ ನದಿಯ ಕಣಿವೆಯಲ್ಲಿ ಬೂಷೆ ದ ಪೆರ್ತ್ ಸಂಗ್ರಹಿಸಿದ್ದ ಕಲ್ಲುಗಳು ನಿಜವಾಗಿಯೂ ಪ್ರಾಚೀನ ಮಾನವನ ಆಯುಧಗಳೆಂದು ಇಂಗ್ಲೆಂಡಿನ ವಿದ್ವಾಂಸರು ಒಪ್ಪಿದ್ದು 1859ರಲ್ಲಿ. ಆ ಸುದ್ದಿ ಫೂಟ್ ಅವರ ತಲೆಯಲ್ಲಿತ್ತು. ನೀರು ಉರುಳಿಸಿದ ಕಲ್ಲು ಹೇಗಿರುತ್ತದೆ, ಏಟು ಬಿದ್ದು ಒಡೆದ ಕಲ್ಲು ಹೇಗಿರುತ್ತದೆ ಎಂಬುದು ಕೈಗೆ ಗೊತ್ತಿತ್ತು. ಓದಿದ್ದು, ಮುಟ್ಟಿ ತಿಳಿದದ್ದು ಎರಡೂ ಆ ಗುಂಡಿಯ ಬಳಿ ಕೂಡಿದವು. ಅದೇ ವರ್ಷ ಸಹೋದ್ಯೋಗಿ ವಿಲಿಯಂ ಕಿಂಗ್ ಜೊತೆ ಅತ್ತಿರಂಪಾಕ್ಕಂನಲ್ಲಿ ಇನ್ನಷ್ಟು ಕೈಗೊಡಲಿಗಳು ಸಿಕ್ಕವು. ಅಲ್ಲಿಯ ಅತಿ ಹಳೆಯ ಆಯುಧಗಳಿಗೆ ಸುಮಾರು 15 ಲಕ್ಷ ವರ್ಷ ಎಂದು ನಮ್ಮ ಕಾಲದ ಸಂಶೋಧನೆ ಹೇಳಿದೆ.

ಮುಂದೆ ಅವರು ನಮ್ಮ ಸೀಮೆಗೆ ಬಂದರು. ಬೆಳಗಾವಿ, ಕಲಾದಗಿ, ಧಾರವಾಡದ ಭಾಗಗಳನ್ನು ಆಗ ದಕ್ಷಿಣ ಮರಾಠಾ ಪ್ರದೇಶ ಎನ್ನುತ್ತಿದ್ದರು. ಅದರ ಭೂರಚನೆಯ ಮೇಲೆ ಫೂಟ್ ಬರೆದ ದೊಡ್ಡ ವರದಿ 1876ರಲ್ಲಿ ಪ್ರಕಟವಾಯಿತು. ಕಲಾದಗಿಯ ಹೆಸರನ್ನು ಒಂದು ಶಿಲಾಶ್ರೇಣಿಗೆ ಕೊಟ್ಟವರೂ ಅವರೇ. ಮಲಪ್ರಭಾ, ಘಟಪ್ರಭಾ ನದಿಗಳ ಜಲ್ಲಿಯಲ್ಲಿ ಕಲ್ಲಿನ ಆಯುಧಗಳನ್ನು ಹುಡುಕಿದರು. ಗೋಕಾಕದ ಹತ್ತಿರ ಅಳಿದುಹೋದ ಒಂದು ಖಡ್ಗಮೃಗದ ಪಳೆಯುಳಿಕೆ ಸಿಕ್ಕಿತು. 1874ರಲ್ಲಿ ಅದನ್ನು ವಿವರಿಸಿ ದಖನ್ನಿನ ಹೆಸರು ಸೇರಿಸಿ ನಾಮಕರಣ ಮಾಡಿದರು. ಗೋಕಾಕದಲ್ಲಿ ಖಡ್ಗಮೃಗ ಎಂದ ಕೂಡಲೇ ಹಿಂದಿನ ಬೆಂಚಿನವರೂ ನೆಟ್ಟಗೆ ಕುಳಿತರು. ಕರದಂಟಿನ ಊರಾಗಿಯೇ ಅವರಿಗೆ ಗೊತ್ತಿದ್ದದ್ದು ಅದು. ಅದೇ 1874ರಲ್ಲಿ ಡಂಬಳದ ಗುಡ್ಡಗಳ, ಅಂದರೆ ಕಪ್ಪತಗುಡ್ಡದ ಕಡೆಯ, ಚಿನ್ನದ ಶಿಲೆಗಳ ಮೇಲೂ ಒಂದು ವರದಿ ಬರೆದರು. ಗದಗ ಸೀಮೆ ಆಗ ಧಾರವಾಡ ಜಿಲ್ಲೆಯಲ್ಲೇ ಇತ್ತು.

ಈಗ ಹೆಸರಿನ ವಿಷಯ. ಆ ಕಾಲದವರೆಗೆ ದಕ್ಷಿಣ ಭಾರತದ ಹಳೆಯ ಸ್ಫಟಿಕ ಶಿಲೆಗಳನ್ನೆಲ್ಲ ಹೆಚ್ಚುಕಡಿಮೆ ಒಂದೇ ಗುಂಪಿಗೆ ಹಾಕಿ ನೈಸ್ ಎಂದು ಬಿಡುತ್ತಿದ್ದರು. ನೈಸ್ ಎಂದರೆ ಗ್ರಾನೈಟಿನಂತೆಯೇ ಕಾಣುವ, ಆದರೆ ಕಪ್ಪು ಬಿಳಿ ಪಟ್ಟೆಗಳಿರುವ ಶಿಲೆ. ಫೂಟ್ ವರ್ಷಗಟ್ಟಲೆ ಅಡ್ಡಾಡಿದ ಮೇಲೆ ಆ ಒಂದೇ ಗುಂಪಿನೊಳಗೆ ಬೇರೆಯೇ ಒಂದು ಸಮೂಹ ಕಂಡಿತು. ಹಾಳೆ ಹಾಳೆಯಾಗಿ ಸೀಳುವ ಪದರುಶಿಲೆ, ಕಬ್ಬಿಣದ ಕೆಂಪು ಪಟ್ಟೆಗಳ ಶಿಲೆ, ಉರುಟು ಕಲ್ಲುಗಳು ಬೆಸೆದುಕೊಂಡ ಶಿಲೆ, ಹಳೆಯ ಲಾವಾ: ಇವೆಲ್ಲ ಮಡಚಿಕೊಂಡು, ನೈಸ್ ನಡುವೆ ಉದ್ದುದ್ದ ಪಟ್ಟಿಗಳಾಗಿ ಹಾದುಹೋಗುತ್ತವೆ. ಧಾರವಾಡ, ಗದಗ, ಬಳ್ಳಾರಿ, ಸಂಡೂರು, ಮೈಸೂರು ಸಂಸ್ಥಾನ ಎಲ್ಲ ಕಡೆಯೂ ಇವೇ. 1886ರಿಂದ 1889ರ ನಡುವೆ ಪ್ರಕಟಿಸಿದ ಲೇಖನಗಳಲ್ಲಿ ಫೂಟ್ ಇವನ್ನು ನೈಸ್‌ನಿಂದ ಬೇರ್ಪಡಿಸಿ ಧಾರವಾಡ ಶಿಲಾಸಮೂಹ ಎಂದು ಕರೆದರು. ದಕ್ಷಿಣ ಭಾರತದ ಚಿನ್ನ ಮುಖ್ಯವಾಗಿ ಇರುವುದು ಈ ಶಿಲೆಗಳಲ್ಲಿ ಎಂಬುದನ್ನು 1888ರ ಲೇಖನದ ಶೀರ್ಷಿಕೆಯಲ್ಲೇ ಹೇಳಿದರು. ಕೋಲಾರದ ಗಣಿಗಳು ಆಗ ತಾನೇ ಬಾಯಿ ತೆರೆಯುತ್ತಿದ್ದ ಕಾಲ. ಚಿನ್ನ ಹುಡುಕುವವರಿಗೆ ಎಲ್ಲಿ ಹುಡುಕಬೇಕು, ಅದಕ್ಕಿಂತ ಹೆಚ್ಚಾಗಿ ಎಲ್ಲಿ ಹುಡುಕಬಾರದು ಎಂಬುದು ಇದರಿಂದ ತಿಳಿಯಿತು.

ಧಾರವಾಡ ಶಿಲೆಗಳು ನೈಸ್‌ನ ಮೇಲೆ ಕೂತವು, ಆದ್ದರಿಂದ ಅದಕ್ಕಿಂತ ಎಳೆಯವು ಎಂಬುದು ಫೂಟ್ ಅವರ ನಿಲುವು. ಅವರ ನಂತರ ಮೈಸೂರಿನಲ್ಲಿ ಕೆಲಸ ಮಾಡಿದ ಸ್ಮೀತ್ ಇದನ್ನು ತಿರುಗಿಸಿ ಹಾಕಿದರು: ನೈಸ್ ಕರಗಿದ ರೂಪದಲ್ಲಿ ಧಾರವಾಡ ಶಿಲೆಗಳೊಳಗೆ ನುಗ್ಗಿದೆ, ಹಾಗಾಗಿ ಧಾರವಾಡವೇ ಹಿರಿಯದು ಎಂದರು. ಈ ಜಗಳ ದಶಕಗಟ್ಟಲೆ ನಡೆಯಿತು. ಚಿಕ್ಕಮಗಳೂರು ಕಡೆಯ ಕಲ್ದುರ್ಗದಲ್ಲಿ ಧಾರವಾಡ ಶಿಲೆಯೊಳಗೇ ನೈಸ್‌ನ ಉರುಟು ಕಲ್ಲುಗಳಿವೆ. ಉಂಡಿಯೊಳಗೆ ಶೇಂಗಾ ಇದ್ದರೆ ಶೇಂಗಾ ಮೊದಲು ಬೆಳೆದಿರಲೇಬೇಕು. (ಇಡೀ ಪಾಠದಲ್ಲಿ ಮಕ್ಕಳು ತಾವೇ ಉತ್ತರ ಹೇಳಿದ ಜಾಗ ಇದೊಂದೇ.) ವಿಕಿರಣಶೀಲತೆಯಿಂದ ಶಿಲೆಯ ವಯಸ್ಸು ಅಳೆಯುವ ವಿಧಾನ ಬಂದ ಮೇಲೆ ನೈಸ್‌ನ ಬಹುಭಾಗ 300 ಕೋಟಿ ವರ್ಷಕ್ಕೂ ಹಳೆಯದು, ಧಾರವಾಡ ಶಿಲೆಗಳು ಸುಮಾರು 290ರಿಂದ 260 ಕೋಟಿ ವರ್ಷದವು ಎಂದು ತಿಳಿಯಿತು. ಅಳೆಯುವ ಯಂತ್ರವಿಲ್ಲದೆ ಫೂಟ್ ಹೇಳಿದ್ದು ಮುಖ್ಯ ವಿಷಯದಲ್ಲಿ ನಿಂತಿತು. ಸ್ಮೀತ್ ಕೂಡ ಪೂರ್ತಿ ಸೋಲಲಿಲ್ಲ. ಸರಗೂರಿನ ಕಡೆ ಇನ್ನೂ ಹಳೆಯ ಪದರುಶಿಲೆಗಳಿವೆ, ಧಾರವಾಡ ಶಿಲೆಯೊಳಗೆ ನುಗ್ಗಿದ ಎಳೆಯ ಗ್ರಾನೈಟುಗಳೂ ಇವೆ.

1884, 1885ರ ಸುಮಾರಿಗೆ ಕರ್ನೂಲು ಸೀಮೆಯ ಗುಹೆಗಳನ್ನು ಮಗ ಹೆನ್ರಿಯ ಜೊತೆ ಅಗೆದರು. ಬಳ್ಳಾರಿಯ ಕುಪ್ಪಗಲ್ಲಿನ ಗುಡ್ಡದಲ್ಲಿ ನವಶಿಲಾಯುಗದ ಜನ ಕೊಡಲಿ ತಯಾರಿಸುತ್ತಿದ್ದ ತಾಣವನ್ನು ಗುರುತಿಸಿದರು. 33 ವರ್ಷದ ಸೇವೆಯ ನಂತರ 1891ರಲ್ಲಿ ನಿವೃತ್ತರಾದರೂ ಮನೆಯಲ್ಲಿ ಕೂರಲಿಲ್ಲ. ಬರೋಡಾ ಸಂಸ್ಥಾನದ ಭೂರಚನೆಯ ಸಮೀಕ್ಷೆ ಮಾಡಿದರು, 1894ರಲ್ಲಿ ಶುರುವಾದ ಮೈಸೂರು ಭೂವಿಜ್ಞಾನ ಇಲಾಖೆಯ ಆರಂಭದ ಹೊಣೆ ಹೊತ್ತರು. ಎಲ್ಲದರಲ್ಲೂ ಅವರದೇ ಸರಿಯಾಯಿತೆಂದಲ್ಲ. ಹಳೆ ಶಿಲಾಯುಗಕ್ಕೂ ನವಶಿಲಾಯುಗಕ್ಕೂ ನಡುವೆ ಮನುಷ್ಯರ ಸುಳಿವಿಲ್ಲದ ದೊಡ್ಡ ಅಂತರವಿದೆ ಎಂದು ಅವರು ನಂಬಿದ್ದರು. ಮುಂದಿನವರು ಅಗೆದಂತೆ ಆ ಅಂತರ ತುಂಬುತ್ತ ಬಂತು.

ಕೊನೆಯ ವರ್ಷಗಳಲ್ಲಿ ಯೇರ್ಕಾಡಿನಲ್ಲಿ ನೆಲೆಸಿದರು. ಜೀವಮಾನದ ಸಂಗ್ರಹವನ್ನು 1904ರಲ್ಲಿ ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಕೊಂಡಿತು. ಒಂದೊಂದು ಕಲ್ಲೂ ಎಲ್ಲಿಯದೆಂದು ಬರೆದಿಟ್ಟ ಅದರ ಪಟ್ಟಿ ಅಚ್ಚಾಗಿ ಬಂದದ್ದು 1914ರಲ್ಲಿ, ಟಿಪ್ಪಣಿಗಳ ಸಂಪುಟ 1916ರಲ್ಲಿ. ಅವೆರಡನ್ನೂ ಅವರು ನೋಡಲಿಲ್ಲ. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ತೀರಿಕೊಂಡಿದ್ದರು.

ಪದವಿಗೆ ಭೂವಿಜ್ಞಾನ ತೆಗೆದುಕೊಂಡಾಗ ಇದನ್ನು ಓದಿ ಶಾಲೆಯಲ್ಲಿ ಏನು ಕಲಿಸುತ್ತೀ ಎಂದು ಮನೆಯವರು ಕೇಳಿದ್ದರು. ಕೇಳಿದ್ದು ತಪ್ಪಲ್ಲ. ಶಾಲೆಯಲ್ಲಿ ಶಿಲೆಯ ಪಾಠ ಸಮಾಜ ವಿಜ್ಞಾನದವರ ಕೈಯಲ್ಲಿದೆ, ಪ್ರಯೋಗಾಲಯದ ಕೀಲಿ ವಿಜ್ಞಾನದವರ ಕೈಯಲ್ಲಿದೆ, ಕಲ್ಲು ಮಾತ್ರ ಹೊರಗೆ ಬಿದ್ದಿದೆ. ಅಂದಿನ ನನ್ನ ಪಾಠದಲ್ಲೂ ಚಾರ್ಟು ಮೊದಲು ಬಂತು, ಕಲ್ಲು ಆಮೇಲೆ ಬಂತು. ವೀಕ್ಷಣಾ ಹಾಳೆಯಲ್ಲಿ ಕಲಿಕೋಪಕರಣಕ್ಕೆ ಒಳ್ಳೆಯ ಅಂಕ ಬಿದ್ದಿದ್ದು ಚಾರ್ಟಿಗೆ. ಈ ಸಲದ ಪಾಠಯೋಜನೆಯಲ್ಲಿ ಮೊದಲ ಹದಿನೈದು ನಿಮಿಷ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವುದೆಂದು ಬರೆದಿದ್ದೇನೆ. ಒಬ್ಬೊಬ್ಬರೂ ಒಂದು ಕಲ್ಲು ಆರಿಸಿ, ಅದು ಸಿಕ್ಕ ಜಾಗವನ್ನು ಚೀಟಿಯಲ್ಲಿ ಬರೆದು ಅಂಟಿಸಬೇಕು. ಶಿಲೆಗಳ ಮೂರು ವಿಧ ಅದಾದ ಮೇಲೆ.