ಅಲರ್ಜಿ ಎಂದರೆ ಇಮ್ಯುನಿಟಿ ಕಡಿಮೆ ಎಂದೇ? ಈ ಪದ ಹುಟ್ಟಿಸಿದ ವೈದ್ಯರ ಕಥೆ ಓದಿ

ಮಳೆಗಾಲ ಬಂದರೆ ವಿಜಯನಗರ, ಬಸವೇಶ್ವರನಗರದ ಫ್ಯಾಮಿಲಿ ಗ್ರೂಪುಗಳಲ್ಲಿ ಒಂದು ಬಗೆಯ ಮೆಸೇಜ್ ತಪ್ಪದೇ ಓಡಾಡುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಸಾಲು ಸಾಲು ಸೀನು ಬರುತ್ತಿದ್ದರೆ ನಿಮ್ಮ ಇಮ್ಯುನಿಟಿ ಕುಸಿದಿದೆ, ಈ ಕಷಾಯ ಕುಡಿಯಿರಿ ಎಂಬುದು ಅದರ ಸಾರ. ಇದು ತಪ್ಪು. ಅಲರ್ಜಿ ಎಂಬ ಪದವನ್ನು ಹುಟ್ಟಿಸಿದ ವೈದ್ಯರೇ ನೂರು ವರ್ಷಕ್ಕೂ ಹಿಂದೆ ಬೇರೆಯದನ್ನು ತೋರಿಸಿಕೊಟ್ಟಿದ್ದರು.

ಅವರ ಹೆಸರು ಕ್ಲೆಮೆನ್ಸ್ ಫಾನ್ ಪಿರ್ಕೆ. 1874ರಲ್ಲಿ ಆಸ್ಟ್ರಿಯಾದ ವಿಯೆನ್ನಾ ಬಳಿ ಸಿರಿವಂತ ಮನೆತನದಲ್ಲಿ ಹುಟ್ಟಿದರು. ಮೊದಲು ಓದಿದ್ದು ದೇವತಾಶಾಸ್ತ್ರ, ತತ್ತ್ವಶಾಸ್ತ್ರ. ಆಮೇಲೆ ಮನಸ್ಸು ಬದಲಿಸಿ ವೈದ್ಯಕೀಯಕ್ಕೆ ಬಂದು, 1900ರಲ್ಲಿ ಪದವಿ ಪಡೆದು, ವಿಯೆನ್ನಾದ ಮಕ್ಕಳ ಆಸ್ಪತ್ರೆ ಸೇರಿದರು.

ಆಗ ಗಂಟಲಮಾರಿ, ಅಂದರೆ ಡಿಫ್ತೀರಿಯಾ, ಮಕ್ಕಳ ಜೀವ ತೆಗೆಯುತ್ತಿತ್ತು. ಕುದುರೆಯ ರಕ್ತದಿಂದ ತೆಗೆದ ಸೀರಮ್ ಚುಚ್ಚಿದರೆ ಮಗು ಉಳಿಯುವ ಸಾಧ್ಯತೆ ಹೆಚ್ಚುತ್ತಿತ್ತು. ಆದರೆ ವಾರ, ಹತ್ತು ದಿನ ಕಳೆದ ಮೇಲೆ ಕೆಲವು ಮಕ್ಕಳಿಗೆ ಜ್ವರ, ಮೈಮೇಲೆ ದದ್ದು, ಕೀಲು ನೋವು. ಸೀರಮ್ಮಿನಲ್ಲೇ ವಿಷ ಇದೆಯೇ? ಪಿರ್ಕೆ ಮತ್ತು ಜೊತೆಗಾರ ಬೇಲಾ ಶಿಕ್ ಗಮನಿಸಿದ್ದು ಎರಡನೇ ಚುಚ್ಚುಮದ್ದನ್ನು. ಅದೇ ಸೀರಮ್ಮನ್ನು ಕೆಲ ಕಾಲದ ನಂತರ ಮತ್ತೆ ಕೊಟ್ಟರೆ ತೊಂದರೆಗೆ ಹತ್ತು ದಿನ ಬೇಕಾಗುತ್ತಿರಲಿಲ್ಲ. ಕೆಲವೊಮ್ಮೆ ಅದೇ ದಿನವೇ ಕಾಣಿಸುತ್ತಿತ್ತು. ಸೀರಮ್ ಬದಲಾಗಿರಲಿಲ್ಲ, ಮಗುವಿನ ಮೈ ಬದಲಾಗಿತ್ತು. ಮೊದಲ ಸಲ ನೋಡಿದ್ದನ್ನು ಅದು ನೆನಪಿಟ್ಟುಕೊಂಡು, ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಿಟ್ಟುಕೊಂಡಿತ್ತು. ರೋಗದಿಂದ ಕಾಪಾಡುವ ವ್ಯವಸ್ಥೆಯೇ ಇಲ್ಲಿ ರೋಗ ತರುತ್ತಿತ್ತು.

ಹೀಗೆ ಬದಲಾದ ಪ್ರತಿಕ್ರಿಯೆಗೆ 1906ರಲ್ಲಿ ಅವರು ಎರಡು ಗ್ರೀಕ್ ಪದಗಳನ್ನು ಸೇರಿಸಿ ಅಲರ್ಜಿ ಎಂದು ಹೆಸರಿಟ್ಟರು. ಹೊಸ ಪದ ಯಾಕೆ ಬೇಕು ಎಂದು ಮೂಗು ಮುರಿದ ವೈದ್ಯರೂ ಇದ್ದರು. ಈಗ ಆ ಪದ ಬಳಸದ ಮನೆ ಸಿಗುವುದು ಕಷ್ಟ.

ಮರುವರ್ಷವೇ, ಮುಂಗೈ ಚರ್ಮವನ್ನು ಸ್ವಲ್ಪ ಗೀರಿ ಟ್ಯೂಬರ್ಕ್ಯುಲಿನ್ ಹನಿ ಹಾಕಿ ಕ್ಷಯದ ಸೋಂಕು ಪತ್ತೆಹಚ್ಚುವ ಪರೀಕ್ಷೆಯನ್ನೂ ಅವರು ಕೊಟ್ಟರು. ಸ್ವಲ್ಪ ಕಾಲ ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿದ್ದು, 1911ರಲ್ಲಿ ವಿಯೆನ್ನಾಕ್ಕೆ ಮರಳಿದರು. ಮೊದಲ ಮಹಾಯುದ್ಧದ ನಂತರ ಆಸ್ಟ್ರಿಯಾದ ಮಕ್ಕಳು ಹಸಿದಿದ್ದಾಗ, ಅಮೆರಿಕದಿಂದ ಬಂದ ನೆರವಿನಲ್ಲಿ ಅವರಿಗೆ ಊಟ ಹಂಚುವ ಕೆಲಸದ ಮುಂದಾಳು ಇವರೇ. ಅಲರ್ಜಿಗಿಂತ ಇದೇ ದೊಡ್ಡ ಕೆಲಸವೆಂದು ನಮಗೆ ಅನ್ನಿಸುತ್ತದೆ. 1929ರ ಫೆಬ್ರವರಿಯಲ್ಲಿ ಅವರೂ ಪತ್ನಿಯೂ ಒಟ್ಟಿಗೆ ಪ್ರಾಣ ಕಳೆದುಕೊಂಡರು.

ಹಾಸಿಗೆಯ ಧೂಳಿನಲ್ಲಿ ಸೀನು ತರಿಸುವುದು ಏನೆಂಬುದು ಖಚಿತವಾಗಿದ್ದು ಅವರು ಹೋದ ಎಷ್ಟೋ ವರ್ಷಗಳ ಮೇಲೆ. 1960ರ ದಶಕದಲ್ಲಿ ನೆದರ್‌ಲೆಂಡ್ಸ್‌ನ ಲೈಡನ್‌ನಲ್ಲಿ ಫೋರ್‌ಹೋರ್ಸ್ಟ್, ಸ್ಪೀಕ್ಸ್‌ಮಾ ಮತ್ತು ಸಂಗಡಿಗರು ಡಸ್ಟ್ ಮೈಟ್ ಕಡೆಗೆ ಬೆರಳು ತೋರಿಸಿದರು. ಇದು ಸುಮಾರು 0.3 ಮಿಲಿಮೀಟರ್ ಉದ್ದದ ನುಸಿ; ತೆಂಗಿನ ನುಸಿಯ ದೂರದ ನೆಂಟ. ಕಚ್ಚುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದರ ಊಟ. ತೊಂದರೆ ಕೊಡುವುದು ಮುಖ್ಯವಾಗಿ ಅದರ ಹಿಕ್ಕೆಯಲ್ಲಿರುವ ಪ್ರೋಟೀನು. ಅದು ವಿಷವಲ್ಲ, ಆದರೆ ಕೆಲವರ ಮೈ ಅದನ್ನು ಶತ್ರು ಎಂದು ತಿಳಿದು ಹೋರಾಡುತ್ತದೆ. ಪಿರ್ಕೆ ಸೀರಮ್ಮಿನಲ್ಲಿ ಕಂಡದ್ದೇ ಬೇರೆ ರೂಪದಲ್ಲಿ.

ಈ ನುಸಿ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರುತ್ತದೆ. 25 ಡಿಗ್ರಿ ಆಸುಪಾಸಿನ ಬೆಚ್ಚಗೆ, 75 ಶೇಕಡಾದಷ್ಟು ತೇವಾಂಶ ಇದ್ದರೆ ಅದಕ್ಕೆ ಹಬ್ಬ. ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಇಪ್ಪತ್ತು-ಮೂವತ್ತರ ಸೈಟಿನ ಮನೆ, ಕಿಟಕಿ ತೆಗೆದರೆ ಪಕ್ಕದವರ ಗೋಡೆ, ಬಿಸಿಲು ಕಾಣದ ಹಳೇ ಅರಳೆ ಹಾಸಿಗೆ: ಮಳೆಗಾಲದಲ್ಲಿ ಅದಕ್ಕೆ ಇನ್ನೇನು ಬೇಕು? ಅಜ್ಜಿಯಂದಿರು ಹಾಸಿಗೆಯನ್ನು ತಾರಸಿಯ ಬಿಸಿಲಿಗೆ ಹಾಕುತ್ತಿದ್ದುದರಲ್ಲಿ ಅರ್ಥವಿತ್ತು. ಹೊದಿಕೆ, ದಿಂಬಿನ ಕವರನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ ನುಸಿ ಸಾಯುತ್ತದೆ.

ಈಗ ಅಲರ್ಜಿ ಪರೀಕ್ಷೆಗೆ ಹೋದರೆ ಮುಂಗೈ ಮೇಲೆ ನುಸಿಯ ಸಾರದ ಹನಿ ಹಾಕಿ ಸಣ್ಣಗೆ ಚುಚ್ಚುತ್ತಾರೆ. ಹದಿನೈದು-ಇಪ್ಪತ್ತು ನಿಮಿಷದಲ್ಲಿ ಸೊಳ್ಳೆ ಕಚ್ಚಿದಂತೆ ಊದಿಕೊಂಡರೆ, ಮೈ ನುಸಿಯನ್ನು ಗುರುತಿಟ್ಟುಕೊಂಡಿದೆ ಎಂದರ್ಥ. ಇಮ್ಯುನಿಟಿ ಸತ್ತಿದೆ ಎಂದಲ್ಲ. ಕಷಾಯ ರುಚಿಯೆನಿಸಿದರೆ ಕುಡಿಯಿರಿ, ನಮ್ಮ ತಕರಾರಿಲ್ಲ. ಆದರೆ ಅದನ್ನು ನಂಬಿ, ಉಬ್ಬಸ ಇರುವ ಮಗುವಿನ ಇನ್‌ಹೇಲರನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.