ಹಳದಿ ಕಾರ್ಡು, ಕೆಂಪು ಕಾರ್ಡು ಮತ್ತು ಒಬ್ಬ ಹೆಡ್‌ಮಾಸ್ತರ್

ಫುಟ್‌ಬಾಲ್ ರೆಫರಿ ಜೇಬಿನಿಂದ ತೆಗೆದು ತೋರಿಸುವ ಹಳದಿ, ಕೆಂಪು ಕಾರ್ಡುಗಳನ್ನು ನಮ್ಮ ಜಿಲ್ಲೆಯ ಹಳ್ಳಿಶಾಲೆಯ ಮಕ್ಕಳೂ ಬಲ್ಲರು. ಅವುಗಳನ್ನು ಮೊದಲು ಯೋಚಿಸಿದವರು ಒಂದು ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರು ಎಂಬುದು ಮಾತ್ರ ಬಿ.ಇಡಿ. ಓದುತ್ತಿರುವ ನಮಗೂ ಹೆಚ್ಚಾಗಿ ಗೊತ್ತಿರುವುದಿಲ್ಲ. ಅವರ ಹೆಸರು ಕೆನ್ ಆಸ್ಟನ್.

ಆಸ್ಟನ್ ಹುಟ್ಟಿದ್ದು 1915ರ ಸೆಪ್ಟೆಂಬರ್ 1ರಂದು, ಇಂಗ್ಲೆಂಡಿನ ಕೋಲ್‌ಚೆಸ್ಟರ್‌ನಲ್ಲಿ. ಎಕ್ಸೆಟರ್ ಊರಿನ ಸೇಂಟ್ ಲ್ಯೂಕ್ಸ್ ಕಾಲೇಜಿನಲ್ಲಿ ಓದಿದರು. ಅದೂ ನಮ್ಮದರಂತೆ ಶಿಕ್ಷಕರನ್ನು ತಯಾರು ಮಾಡುತ್ತಿದ್ದ ಕಾಲೇಜು. ಮೇಷ್ಟ್ರ ಕೆಲಸದ ಜೊತೆಗೇ 1936ರಲ್ಲಿ ರೆಫರಿಯಾಗಿ ಅರ್ಹತೆ ಪಡೆದರು. ಎರಡನೇ ಮಹಾಯುದ್ಧ ಬಂದಾಗ ಕಾಲಿನ ಪೆಟ್ಟಿನ ಕಾರಣ ವಾಯುಪಡೆ ಅವರನ್ನು ತೆಗೆದುಕೊಳ್ಳಲಿಲ್ಲ. ಫಿರಂಗಿದಳ ಸೇರಿ, ಅಲ್ಲಿಂದ ಬ್ರಿಟಿಷ್ ಇಂಡಿಯನ್ ಸೈನ್ಯಕ್ಕೆ ಬಂದು, ಲೆಫ್ಟಿನೆಂಟ್ ಕರ್ನಲ್ ಹುದ್ದೆಯವರೆಗೆ ಏರಿದರು. ಯುದ್ಧಾಪರಾಧಗಳ ವಿಚಾರಣೆ ನಡೆಸಿದ ಚಾಂಗಿ ನ್ಯಾಯಮಂಡಳಿಯಲ್ಲೂ ಕೆಲಸ ಮಾಡಿದರು. ಊರಿಗೆ ಮರಳಿ ಮತ್ತೆ ಪಾಠ, ಮತ್ತೆ ಪೀಪಿ. 1953ರಲ್ಲಿ ಲಂಡನ್ ಹತ್ತಿರದ ಇಲ್‌ಫರ್ಡ್‌ನಲ್ಲಿ ನ್ಯೂಬರಿ ಪಾರ್ಕ್ ಶಾಲೆಯ ಮುಖ್ಯೋಪಾಧ್ಯಾಯರಾದರು.

ಆಟದಲ್ಲಿ ಕಣ್ಣಿಗೆ ಕಾಣುವಂತೆ ಏನಾದರೂ ಮಾಡುವ ಗುಣ ಅವರಿಗೆ ಮೊದಲಿನಿಂದ ಇತ್ತು. ಮಂಜು ಮುಸುಕಿದ ದಿನ ಲೈನ್‌ಮನ್‌ಗಳ ಬಾವುಟ ಕಾಣದೆ ಹೋದಾಗ, ಹೊಳೆಯುವ ಹಳದಿ ಬಟ್ಟೆಯ ಬಾವುಟ ತಂದರು. ಹಗಲು ಬೆಳಕಿನಲ್ಲಿ ನಮ್ಮ ಕಣ್ಣು ಹೆಚ್ಚು ಚುರುಕಾಗಿ ಹಿಡಿಯುವುದು ಹಳದಿ-ಹಸಿರಿನ ಸುತ್ತಲಿನ ಬಣ್ಣವನ್ನೇ. ಬೆಳಕಿನ ಪಾಠಕ್ಕೆ ಪಾಠಯೋಜನೆ ಬರೆಯುವ ಗೆಳೆಯರು ಈ ಬಾವುಟವನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು.

1962ರ ಜೂನ್ 2ರಂದು ಚಿಲಿ ದೇಶದ ಸ್ಯಾಂಟಿಯಾಗೋದಲ್ಲಿ ವಿಶ್ವಕಪ್ ಪಂದ್ಯ. ಚಿಲಿ ಮತ್ತು ಇಟಲಿ. ಇಟಲಿಯ ಪತ್ರಕರ್ತರು ಚಿಲಿಯನ್ನು ಹೀಯಾಳಿಸಿ ಬರೆದಿದ್ದರಿಂದ ಊರೇ ಕುದಿಯುತ್ತಿತ್ತು. ಎಂಟನೇ ನಿಮಿಷಕ್ಕೇ ಆಸ್ಟನ್ ಇಟಲಿಯ ಫೆರಿನಿಯನ್ನು ಹೊರಹಾಕಿದರು. ಆತ ಹೋಗಲೊಲ್ಲ. ಕೊನೆಗೆ ಪೊಲೀಸರು ಬಂದು ಕರೆದೊಯ್ಯಬೇಕಾಯಿತು. ಆಮೇಲೆ ಚಿಲಿಯ ಸ್ಯಾಂಚೆಜ್ ಎದುರಾಳಿ ಡೇವಿಡ್‌ಗೆ ಗುದ್ದಿದ. ಶಿಕ್ಷೆ ಆಗಲಿಲ್ಲ. ಗುದ್ದು ತಿಂದ ಡೇವಿಡ್ ಸ್ವಲ್ಪ ಹೊತ್ತಿನಲ್ಲಿ ಅದೇ ಸ್ಯಾಂಚೆಜ್‌ಗೆ ಒದ್ದ. ಅವನನ್ನು ಹೊರಹಾಕಲಾಯಿತು. ಸ್ಯಾಂಚೆಜ್ ಇನ್ನೊಬ್ಬನ ಮೂಗು ಮುರಿದ. ಅದಕ್ಕೂ ಶಿಕ್ಷೆ ಇಲ್ಲ. ಚಿಲಿ 2-0ಯಿಂದ ಗೆದ್ದಿತು.

ಜೀವನಚರಿತ್ರೆ ಬರೆಯುವವರು ಇಲ್ಲಿ ಆಸ್ಟನ್ ಪರವಾಗಿ ಮಾತಾಡುವುದುಂಟು. ರೆಫರಿಗೆ ಬೆನ್ನಿನಲ್ಲಿ ಕಣ್ಣಿಲ್ಲ, ನಿಜ. ಆದರೂ ಅಂದಿನ ಲೆಕ್ಕ ನನಗೆ ಸರಿಕಾಣುವುದಿಲ್ಲ. ಇಬ್ಬರು ಹೋದರು, ಇಬ್ಬರೂ ಇಟಲಿಯವರೇ. ಮೊದಲು ಕೈ ಎತ್ತಿದವನು ಕೊನೆಯವರೆಗೆ ಆಡಿದ. ಶಿಕ್ಷೆ ಒಬ್ಬನಿಗೆ ಆಗಿ ಇನ್ನೊಬ್ಬನಿಗೆ ಆಗದೆ ಹೋದರೆ, ಆಟಗಾರ ತನ್ನ ಶಿಕ್ಷೆಯನ್ನು ತಾನೇ ಕೊಡಲು ಹೊರಡುತ್ತಾನೆ. ಡೇವಿಡ್ ಮಾಡಿದ್ದು ಅದನ್ನೇ.

ಮರುವರ್ಷ ಇಂಗ್ಲೆಂಡಿನ ಎಫ್.ಎ. ಕಪ್ ಫೈನಲ್ ನಡೆಸಿದ ಆಸ್ಟನ್, 1966ರ ವಿಶ್ವಕಪ್ ಹೊತ್ತಿಗೆ ರೆಫರಿಗಳ ಮೇಲ್ವಿಚಾರಕರಾಗಿದ್ದರು. ಇಂಗ್ಲೆಂಡ್-ಅರ್ಜೆಂಟೀನಾ ಪಂದ್ಯದಲ್ಲಿ ಜರ್ಮನಿಯ ರೆಫರಿ ಕ್ರೈಟ್‌ಲೈನ್ ಅರ್ಜೆಂಟೀನಾದ ನಾಯಕ ರಾಟಿನ್‌ನನ್ನು ಹೊರಹೋಗು ಎಂದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ರಾಟಿನ್ ನಿಂತಲ್ಲೇ ನಿಂತ. ಆಸ್ಟನ್ನರೇ ಮೈದಾನಕ್ಕಿಳಿದು ಒಪ್ಪಿಸಬೇಕಾಯಿತು. ಅದೇ ಪಂದ್ಯದಲ್ಲಿ ಇಂಗ್ಲೆಂಡಿನ ಚಾರ್ಲ್‌ಟನ್ ಸಹೋದರರಿಗೂ ಎಚ್ಚರಿಕೆ ಕೊಟ್ಟಿದ್ದರೋ ಇಲ್ಲವೋ ಎಂದು ಆಮೇಲೆ ವಿಚಾರಿಸಬೇಕಾಯಿತು! ಎಚ್ಚರಿಕೆ ಪಡೆದವನಿಗೇ ತಿಳಿಯದ ಎಚ್ಚರಿಕೆ.

ಲಂಡನ್ನಿನ ಕೆನ್ಸಿಂಗ್ಟನ್ ಹೈ ಸ್ಟ್ರೀಟ್‌ನಲ್ಲಿ ಕಾರು ಓಡಿಸುತ್ತ ಇದನ್ನೇ ಯೋಚಿಸುತ್ತಿದ್ದ ಅವರಿಗೆ ಟ್ರಾಫಿಕ್ ಸಿಗ್ನಲ್ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗಿದ್ದು ಕಂಡಿತು. ಭಾಷೆ ಬೇಡ, ಬಣ್ಣ ಸಾಕು. ಮನೆಯಲ್ಲಿ ಹೆಂಡತಿ ಹಿಲ್ಡಾ ಜೇಬಿಗೆ ಹಿಡಿಯುವಷ್ಟು ರಟ್ಟು ಕತ್ತರಿಸಿ ಕೊಟ್ಟರೆಂದು ಹೇಳುತ್ತಾರೆ. 1970ರ ಮೆಕ್ಸಿಕೋ ವಿಶ್ವಕಪ್‌ನಲ್ಲಿ ಕಾರ್ಡುಗಳು ಮೊದಲು ಬಳಕೆಗೆ ಬಂದವು. ಆ ಟೂರ್ನಿಯಲ್ಲಿ ಕೆಂಪು ಕಾರ್ಡು ತೋರಿಸುವ ಪ್ರಸಂಗವೇ ಬರಲಿಲ್ಲ. ವಿಶ್ವಕಪ್‌ನ ಮೊದಲ ಕೆಂಪು ಕಾರ್ಡು 1974ರಲ್ಲಿ ಚಿಲಿಯ ಕಾಸ್‌ಜೆಲಿಗೆ ಸಿಕ್ಕಿತು. ಇಂಗ್ಲೆಂಡಿನ ಲೀಗ್ ಮಾತ್ರ ತನ್ನದೇ ಮೇಷ್ಟ್ರ ಕಾರ್ಡನ್ನು 1976ರಲ್ಲಿ ತಂದು, 1981ರಲ್ಲಿ ಕೈಬಿಟ್ಟು, 1987ರಲ್ಲಿ ಮತ್ತೆ ತಂದಿತು.

ಕಾರ್ಡು ಬಂದದ್ದರಿಂದ ಶಿಕ್ಷೆ ಹೆಚ್ಚಾಗಲಿಲ್ಲ. ಎಚ್ಚರಿಕೆ, ಹೊರಹಾಕುವಿಕೆ ಎರಡೂ ಮೊದಲೇ ಇದ್ದವು. ಎಲ್ಲರಿಗೂ ಕಾಣುವಂತಾಯಿತು, ಅಷ್ಟೆ. ಕಂಡ ಮೇಲೆ ರೆಫರಿಯನ್ನೂ ಜನ ಅಳೆಯುತ್ತಾರೆ. ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿಯಲ್ಲಿ ತಪ್ಪು ಮಾಡಿದವನು ಎರಡು ನಿಮಿಷ ಪೆಟ್ಟಿಗೆಯಂಥ ಜಾಗದಲ್ಲಿ ಕೂರುತ್ತಾನೆ, ತಂಡ ಒಬ್ಬ ಕಡಿಮೆಯಾಗಿ ಆಡುತ್ತದೆ. ಎದುರಾಳಿಯನ್ನು ಹಿಡಿಯುವುದು, ಕೋಲಿನಿಂದ ಕೊಕ್ಕೆ ಹಾಕುವುದು ಅಲ್ಲಿ ಎಂದಿನಿಂದಲೋ ನಿಯಮಬಾಹಿರ. ಆದರೂ ವರ್ಷಗಟ್ಟಲೆ ನೋಡಿಯೂ ನೋಡದಂತೆ ಬಿಡುತ್ತಿದ್ದರು. 2005ರಲ್ಲಿ ಕಟ್ಟುನಿಟ್ಟು ಮಾಡಿದಾಗ ಮೊದಲ ವರ್ಷ ದಂಡಗಳು ಏರಿದವು. ಆಟಗಾರರು ಕೈ ಹಿಂದೆ ತೆಗೆದ ಮೇಲೆ ಇಳಿದವು.

ಹಿರಿಯೂರು ತಾಲ್ಲೂಕಿನಲ್ಲಿ ನಾನು ಬೋಧನಾಭ್ಯಾಸ ಮಾಡುವ ಶಾಲೆಯಲ್ಲಿ ಆಟವೆಂದರೆ ಕಬಡ್ಡಿ. ಅಲ್ಲೂ ಈಗ ಕಾರ್ಡುಗಳಿವೆ: ಹಸಿರು ಎಂದರೆ ಎಚ್ಚರಿಕೆ, ಹಳದಿ ಎಂದರೆ ಐಸ್ ಹಾಕಿಯಂತೆಯೇ ಎರಡು ನಿಮಿಷ ಹೊರಗೆ, ಕೆಂಪು ಎಂದರೆ ಆ ಪಂದ್ಯವೇ ಮುಗಿಯಿತು. ಆಸ್ಟನ್ ಕಥೆ ಹೇಳಿದಾಗ ಎಂಟನೇ ತರಗತಿಯ ಹುಡುಗಿಯೊಬ್ಬಳು, ಹೋಮ್‌ವರ್ಕ್ ತರದವರಲ್ಲಿ ಕೆಲವರನ್ನಷ್ಟೇ ನಿಲ್ಲಿಸುತ್ತಾರಲ್ಲ ಸಾರ್, ಉಳಿದವರು ಸ್ಯಾಂಚೆಜ್‌ಗಳೇ ಎಂದು ಕೇಳಿದಳು. ತರಗತಿ ನಕ್ಕಿತು. ನಾನು ಆ ಪ್ರಶ್ನೆಯನ್ನು ಪಾಠಯೋಜನೆಯ ಮೌಲ್ಯಮಾಪನದ ಕಾಲಂನಲ್ಲಿ ಹಾಗೆಯೇ ಬರೆದುಕೊಂಡೆ.

ಬದಲಿ ಆಟಗಾರನ ಸಂಖ್ಯೆ ತೋರಿಸುವ ಹಲಗೆಯೂ ಆಸ್ಟನ್ನರದೇ ಯೋಚನೆ. ಫಿಫಾದ ರೆಫರಿ ಸಮಿತಿಯಲ್ಲಿ 8 ವರ್ಷ ಇದ್ದು, ಅದರಲ್ಲಿ 4 ವರ್ಷ ಅಧ್ಯಕ್ಷರಾಗಿದ್ದರು. ಮುಪ್ಪಿನಲ್ಲೂ ಬೇಸಿಗೆಯಲ್ಲಿ ಅಮೆರಿಕಕ್ಕೆ ಹೋಗಿ, ಮಕ್ಕಳ ಪಂದ್ಯ ನಡೆಸುವ ತಂದೆತಾಯಿಯರಿಗೆ ರೆಫರಿ ಪಾಠ ಹೇಳುತ್ತಿದ್ದರು. 2001ರ ಅಕ್ಟೋಬರ್ 23ರಂದು, 86ನೇ ವಯಸ್ಸಿನಲ್ಲಿ ತೀರಿಕೊಂಡರು.