ಗಡಿಪಾರಾದ ಕೆತ್ತನೆಗಾರ: ಸೆಬಾಲ್ಡ್ ಬೇಹಾಮ್

1525ರ ಜನವರಿಯಲ್ಲಿ ಜರ್ಮನಿಯ ನ್ಯೂರೆಂಬರ್ಗ್ ನಗರಸಭೆಯು ಮೂವರು ತರುಣ ಚಿತ್ರಕಾರರನ್ನು ವಿಚಾರಣೆಗೆ ಕರೆಸಿತು. ಅವರಲ್ಲೊಬ್ಬ ಸೆಬಾಲ್ಡ್ ಬೇಹಾಮ್. ಇನ್ನೊಬ್ಬ ಅವನ ತಮ್ಮ ಬಾರ್ಟೆಲ್. ಮೂರನೆಯವನು ಗೆಯೋರ್ಗ್ ಪೆಂಟ್ಸ್. ಕ್ರಿಸ್ತನಲ್ಲಿ, ದೀಕ್ಷಾಸ್ನಾನದಲ್ಲಿ, ಪ್ರಸಾದದ ರೊಟ್ಟಿಯಲ್ಲಿ ಅವರಿಗೆ ನಂಬಿಕೆಯುಂಟೆ ಎಂದು ಕೇಳಿದ ಸಭೆಯು, ತನ್ನ ಅಧಿಕಾರವನ್ನು ಒಪ್ಪುವರೆ ಎಂದೂ ಕೇಳಿತು. ಭಕ್ತಿಯ ಪರೀಕ್ಷೆಯೊಳಗೆ ಆಡಳಿತವು ತನ್ನ ಹೆಸರನ್ನೂ ಸೇರಿಸಿದ್ದು ಗಮನಾರ್ಹ. ಬಾರ್ಟೆಲ್ ದೇವರ ಹೊರತು ಬೇರೆ ಒಡೆಯನನ್ನು ಒಪ್ಪಲಿಲ್ಲ. ರೊಟ್ಟಿಯು ಕ್ರಿಸ್ತನ ದೇಹವಾಗುವುದೆಂಬುದನ್ನು ಸೆಬಾಲ್ಡ್ ನಂಬಲಾರದೆ ಹೋದ. ಪೋಪನ ಹಿಡಿತದಿಂದ ಬಿಡಿಸಿಕೊಂಡು ಲೂಥರನ ಕಡೆಗೆ ಸರಿಯುತ್ತಿದ್ದ ನಗರಕ್ಕೂ ಈ ಸಂದೇಹವು ಅತಿಯೆನಿಸಿತು. ಮೂವರೂ ಗಡಿಪಾರಾದರು.

ಸೆಬಾಲ್ಡ್ ಹುಟ್ಟಿದ್ದು 1500ರಲ್ಲಿ, ಅದೇ ನ್ಯೂರೆಂಬರ್ಗಿನಲ್ಲಿ. ಮಹಾಕಲಾವಿದ ಡ್ಯೂರರ್ ಬಾಳಿದ ಊರದು. ಅವನ ಪ್ರಭಾವದಲ್ಲಿ ಬೆಳೆದ ಈ ತಲೆಮಾರಿನವರು ಅಂಗೈಯಗಲಕ್ಕೂ ಕಿರಿದಾದ ತಾಮ್ರದ ತಗಡುಗಳಲ್ಲಿ ಕೂದಲೆಳೆಯ ಗೆರೆಗಳನ್ನು ಕೊರೆದರು. ಆದ್ದರಿಂದಲೇ ಕಿರು ಗುರುಗಳೆಂಬ ಹೆಸರು ಪಡೆದರು. ಗೆರೆಗಳಲ್ಲಿ ಮಸಿ ತುಂಬಿ, ಮೇಲ್ಮೈಯನ್ನು ಒರೆಸಿ, ತೇವದ ಕಾಗದವನ್ನು ಒತ್ತಿದರೆ ಚಿತ್ರ ಮೂಡುತ್ತಿತ್ತು. ದೇವಾಲಯದ ಗೋಡೆಯ ದೇವರನ್ನು ನೋಡಲು ಜನ ತಲೆಯೆತ್ತಬೇಕಿತ್ತು. ಈ ದೇವರನ್ನು ನೋಡಲು ತಲೆ ಬಾಗಿಸಿ, ಕಣ್ಣಿನ ಹತ್ತಿರಕ್ಕೆ ತಂದುಕೊಳ್ಳಬೇಕಿತ್ತು. ನಡುವೆ ಪುರೋಹಿತನಿಗೆ ಎಡೆಯಿರಲಿಲ್ಲ.

ವರ್ಷ ಮುಗಿಯುವ ಮೊದಲೇ ಸೆಬಾಲ್ಡನಿಗೆ ಮರಳಲು ಅನುಮತಿ ದೊರೆಯಿತು. ಆದರೆ 1528ರಲ್ಲಿ ಕುದುರೆಯ ಅಂಗಪ್ರಮಾಣವನ್ನು ಕುರಿತ ಅವನ ಪುಸ್ತಕವು ಡ್ಯೂರರನಿಂದ ಕದ್ದದ್ದೆಂಬ ಆರೋಪ ಬಂದು, ಮತ್ತೆ ಊರು ಬಿಡಬೇಕಾಯಿತು. ಕೊನೆಗೆ ಫ್ರಾಂಕ್‌ಫರ್ಟಿನಲ್ಲಿ ನೆಲೆಸಿದ. ನ್ಯೂರೆಂಬರ್ಗಿನ ಉಚ್ಚಾರಣೆಯಂತೆ ಅಂಕಿತದಲ್ಲಿ ಬರೆಯುತ್ತಿದ್ದ ಪೀ ಅಕ್ಷರವು ಅಲ್ಲಿ ಬೀ ಆಯಿತು. ಪೋಪನನ್ನು ಹಂಗಿಸುವ ಮರದಚ್ಚುಗಳನ್ನು ರಚಿಸಿದ್ದ ಅದೇ ಕೈ, ಮೈಂಟ್ಸಿನ ಕಾರ್ಡಿನಲ್ ಆಲ್ಬ್ರೆಕ್ಟನ ಪ್ರಾರ್ಥನಾಗ್ರಂಥಕ್ಕೂ ಚಿತ್ರ ಬರೆಯಿತು. ಇದನ್ನು ಇಬ್ಬಂದಿತನವೆನ್ನುವುದು ಸುಲಭ; ಎರಡು ಬಾರಿ ಊರು ಕಳೆದುಕೊಂಡವನಿಗೆ ಅನ್ನದ ದಾರಿಯೂ ಬೇಕಿತ್ತು.

1540ರ ಸುಮಾರಿಗೆ ಅವನು ದಾರಿತಪ್ಪಿದ ಮಗನ ಕಥೆಯನ್ನು ನಾಲ್ಕು ಕಿರುಫಲಕಗಳಲ್ಲಿ ಕೆತ್ತಿದ. ಆಸ್ತಿಯ ಪಾಲು, ದುಂದುಗಾರಿಕೆ, ಹಂದಿಗಳ ನಡುವಿನ ಬಾಳು, ಕಡೆಗೆ ತಂದೆಯ ಅಪ್ಪುಗೆ. ಬಾರ್ಟೆಲ್ ಇಟಲಿಯಲ್ಲಿ ತೀರಿಕೊಂಡದ್ದು, ಸೆಬಾಲ್ಡ್ ಫ್ರಾಂಕ್‌ಫರ್ಟಿನ ಪೌರನಾದದ್ದು ಎರಡೂ 1540ರಲ್ಲೇ. ಹುಟ್ಟೂರಿಗೆ ಹಿಂದಿರುಗಿ ನೆಲೆಸದೆ, 1550ರಲ್ಲಿ ಅವನು ಫ್ರಾಂಕ್‌ಫರ್ಟಿನಲ್ಲಿಯೇ ಮಡಿದ.